ಬನಹಟ್ಟಿಯ ಹುಡುಗಿ ನೈಸ್ ಅಂದದ್ದು

ಮದುವೆಯಾಗಿ ಜಮಖಂಡಿಗೆ ಬಂದ ಹೊಸದರಲ್ಲಿ ನನ್ನ ಅತ್ತೆ ಓಣಿಯ ಹೆಂಗಸರ ಮುಂದೆ ನನ್ನನ್ನು ಹೊಗಳಿದರು. ಹಾಗೆಂದು ನಾನು ತಿಳಿದುಕೊಂಡೆ. ಮನೆಯ ಮುಂದಿನ ಕೋಣೆಯಲ್ಲೇ ಅವರ ಹಿಟ್ಟಿನ ಗಿರಣಿ. ಜೋಳ ಬೀಸಿಸಲು ಬಂದಿದ್ದ ಹೆಂಗಸೊಬ್ಬಳು, "ಹೊಸಾ ಸೊಸಿ ಹೆಂಗದಾಳ್ರಿ?" ಎಂದು ಕೇಳಿದಳು. ಅತ್ತೆ ಗಿರಣಿಯ ಸದ್ದಿನ ಮೇಲೆ ದನಿ ಎತ್ತಿ, "ಭಾಳ ನೈಸ್ ಅದಾಳ ನೋಡವಾ" ಎಂದರು.

ಒಳಗೆ ಬದನೆಕಾಯಿ ಹೆಚ್ಚುತ್ತಿದ್ದ ನನಗೆ ಕಣ್ಣು ತುಂಬಿ ಬಂತು. ನಾನು ಇಂಗ್ಲಿಷ್ ಓದಿದವಳು, ಹೈಸ್ಕೂಲಿನಲ್ಲಿ ಅದನ್ನೇ ಕಲಿಸುವವಳು. ನನ್ನನ್ನು ನನ್ನ ವಿಷಯದ ಭಾಷೆಯಲ್ಲೇ ಮೆಚ್ಚಿಕೊಂಡ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾರೆ? ಅಂದು ಸಂಜೆಯೇ ಬೀಳಗಿಗೆ, ತವರುಮನೆಗೆ ಫೋನು ಹಚ್ಚಿ ಅವ್ವನಿಗೆ ಹೇಳಿದೆ.

ಅವ್ವ, "ನೀ ಅಂಥಾದ್ದ ಏನ್ ಮಾಡಿದ್ದಿ?" ಎಂದು ಕೇಳಿದಳು.

ಅವ್ವ ಹಾಗೇಕೆ ಕೇಳಿದಳೆಂದು ತಿಳಿಯಲು ನನಗೆ ಒಂದು ಮಳೆಗಾಲ ಬೇಕಾಯಿತು. ಹಳೆ ಸೀರೆಗೆ ಸ್ಟೀಲು ಪಾತ್ರೆ ಕೊಡುವವನೊಬ್ಬ ಬಾಗಿಲಿಗೆ ಬಂದು, ಅತ್ತೆಯನ್ನು ಸಾಕ್ಷಾತ್ ಲಕ್ಷ್ಮಿ ಎಂದೂ, ಇಂಥ ಸೀರೆಗಳನ್ನು ಉಟ್ಟವರನ್ನು ತಾನು ಅರಮನೆಯಲ್ಲಿ ಮಾತ್ರ ಕಂಡಿದ್ದೇನೆಂದೂ ಹೇಳುತ್ತಿದ್ದ. ಅತ್ತೆ ಕೇಳುವಷ್ಟು ಕೇಳಿ, "ನೈಸ್ ಮಾಡಬ್ಯಾಡ, ನಡಿ ಮುಂದ" ಎಂದು ಕದ ಹಾಕಿದರು. ಒಳಗೆ ಬಂದು, "ಭಾಳ ನೈಸ್ ಅದಾನ ಸುಡುಗಾಡ" ಎಂದರು.

ನಾನು ನಿಧಾನವಾಗಿ ಕೇಳಿದೆ, "ಅತ್ತೀ, ನನಗೂ ನೈಸ್ ಅಂದಿದ್ರೆಲ್ಲಾ?"

"ಹೂಂ. ಮತ್ತೇನ ಅನ್ನಬೇಕಿತ್ತು? ನೀ ಬಂದ ವಾರದಾಗ ನನ್ನ ಮಗಾ ಹಾಸಿಗಿ ಮಡಚಿ ಇಡಾಕ ಹತ್ತಿದ. ಹುಟ್ಟಿದಾಗಿಂದ ನಾ ಬೈದ್ರೂ ಮಡಚಿದಾಂವಲ್ಲ. ನೀ ನೈಸ್ ಮಾಡದ ಮಡಚ್ಯಾನ?"

ನನ್ನ ಗಂಡ ಆ ಹೊತ್ತಿಗೆ ಪೇಪರಿನ ಹಿಂದೆ ಕೂತಿದ್ದರು. ಪೇಪರು ಅಲುಗಲಿಲ್ಲ.

ಅಂದಿನಿಂದ ಆ ಮಾತಿನ ಮೇಲೆ ನನ್ನ ಕಣ್ಣು ಬಿತ್ತು. ಗಿರಣಿಗೆ ಬಂದವರನ್ನೆಲ್ಲ ಅತ್ತೆ ಕೇಳುವ ಮೊದಲ ಪ್ರಶ್ನೆಯೇ, "ನೈಸ್ ಬೇಕೋ, ದಪ್ಪ ಬೇಕೋ?" ರೊಟ್ಟಿಯ ಜೋಳ ನೈಸ್, ಉಂಡಿಯ ಕಡಲೆಬೇಳೆ ಸ್ವಲ್ಪ ದಪ್ಪ. ಅಂಗಡಿಯಲ್ಲಿ ಸೀರೆಯ ಮೇಲೆ ಕೈಯಾಡಿಸಿ, ಜಾರುತ್ತಿದ್ದರೆ ನೈಸ್. ಬಡಿಗೇರ ಕದಕ್ಕೆ ಪಾಲೀಶು ಕಾಗದ ತಿಕ್ಕಿದರೆ ನೈಸ್. ಹಿಟ್ಟು, ಸೀರೆ, ಕದ ನೈಸ್ ಆದರೆ ಒಳ್ಳೆಯದು. ಮನುಷ್ಯ ನೈಸ್ ಆದನೋ, ತಿಜೋರಿಯ ಕೀಲಿ ನೋಡಿಕೊಳ್ಳಬೇಕು.

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದು ದಪ್ಪ ಇಂಗ್ಲಿಷ್ ನಿಘಂಟು ಇದೆ. ಗಾಳಿಗೆ ಕದ ಬಡಿಯದಂತೆ ಒತ್ತಿ ಇಡುವುದು ಅದರ ಮುಖ್ಯ ಕೆಲಸ. ಒಂದು ದಿನ ಅದನ್ನು ಎತ್ತಿ ಧೂಳು ಕೊಡವಿ ನೋಡಿದೆ. ನೈಸ್ ಎಂಬುದರ ಮೂಲ ಲ್ಯಾಟಿನ್ ಅಂತೆ. ನೆಸ್ಕಿಯುಸ್. 'ನೆ' ಅಂದರೆ ಇಲ್ಲ, 'ಸ್ಕೀರೆ' ಅಂದರೆ ತಿಳಿಯುವುದು. ಏನೂ ತಿಳಿಯದವನು. ಸೈನ್ಸ್ ಎಂಬ ಮಾತೂ ಆ ಸ್ಕೀರೆಯ ಮನೆತನದ್ದೇ. ಲ್ಯಾಟಿನ್ನಿನಿಂದ ಹಳೆಯ ಫ್ರೆಂಚಿಗೆ ಬಂದಾಗಲೂ ನೈಸ್ ಅಂದರೆ ದಡ್ಡ. ಇಂಗ್ಲಿಷಿಗೆ ಬಂದಾಗಲೂ ಮೊದಮೊದಲು ಮೂರ್ಖ. ಆಮೇಲೆ ನಾಚಿಕೆಯವನಾದ, ಆಮೇಲೆ ಎಲ್ಲದಕ್ಕೂ ಮೂಗು ಮುರಿಯುವವನಾದ, ಆಮೇಲೆ ನಾಜೂಕು, ನವಿರು, ಸೂಕ್ಷ್ಮ. ಕಡೆಗೆ ಒಳ್ಳೆಯವನಾಗಿ ಕುಳಿತ. ಕದ ಧಡ್ ಎಂದು ಬಡಿಯಿತು. ನಿಘಂಟನ್ನು ಮತ್ತೆ ಅದರ ಜಾಗದಲ್ಲಿ ಇಟ್ಟೆ.

ಸಂಜೆ ಇದನ್ನೆಲ್ಲ ಅತ್ತೆಗೆ ಹೇಳಿದೆ. ಅವರು ಜರಡಿ ಆಡಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದರು.

"ದಡ್ಡ ಅಂತ ಹೊಂಟಾಂವ ಛಲೋ ಮನಿಶಾ ಆಗಿ ಕುಂತ ಅಂದ್ರ, ದಾರ‍್ಯಾಗ ಭಾಳ ಮಂದಿನ್ನ ನೈಸ್ ಮಾಡಿರಬೇಕಂವ" ಎಂದರು. ಮತ್ತೆ ಜರಡಿ ಆಡಿಸುತ್ತ, "ನಮ್ಮ ತಮ್ಮ ಇದ್ದಂಗ" ಎಂದು ಸೇರಿಸಿದರು.

ಅತ್ತೆಯ ಈ ತಮ್ಮ ಮುಧೋಳದವರು. ನನ್ನ ಗಂಡನಿಗೆ ಸೋದರಮಾವ, ಹಾಗಾಗಿ ನನಗೂ ಮಾವ. ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಮಾತಿನಲ್ಲಿ ಅವರನ್ನು ಮೀರಿಸಿದವರು ಯಾರೂ ಇರಲಿಲ್ಲ. ನಮ್ಮಿಂದ ಒಯ್ದ ಏಣಿಯನ್ನು ವಾಪಸು ಕೊಡಲೆಂದು ಒಮ್ಮೆ ಬಂದವರು, ಊಟ ಮಾಡಿ, ಅತ್ತೆಯ ಕೈಗುಣವನ್ನು ಕೊಂಡಾಡಿ, ಹೋಗುವಾಗ ಏಣಿಯ ಜೊತೆಗೆ ಒಂದು ಚೀಲ ಜೋಳದ ಹಿಟ್ಟನ್ನೂ ಒಯ್ದಿದ್ದರು. ಗಾಡಿ ಮರೆಯಾದ ಮೇಲೆಯೇ ನಮಗೆ ಏಣಿಯ ನೆನಪಾದದ್ದು. ಅವರ ಮಗ ಮಾತ್ರ ತದ್ವಿರುದ್ಧ. ಅಂಗಡಿಯಲ್ಲಿ ಮೋಟಾರು ಬಿಚ್ಚಿ ರಿಪೇರಿ ಮಾಡುತ್ತ ಕೂರುವ ಹುಡುಗ. ಅಪ್ಪ ಮಾತಾಡಿ ಮುಗಿಸಿದ ಮೇಲೆ ಮನೆಯಲ್ಲಿ ಮಾತೇ ಉಳಿಯುತ್ತಿರಲಿಲ್ಲವೇನೋ.

ಈ ಮಗನಿಗೆ ಬನಹಟ್ಟಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ, ನೋಡಲು ಹೋಗಬೇಕು ಎಂದು ಮಾವ ಒಂದು ಮುಂಜಾನೆ ಬಂದರು.

"ಅಕ್ಕಾ, ನಿನ್ನ ಕಣ್ಣಂದ್ರ ಬಂಗಾರದ ತಕ್ಕಡಿ. ನೀ ಹೂಂ ಅನ್ನದ ನಮ್ಮ ಮನ್ಯಾಗ ಒಂದು ಹುಲ್ಲಕಡ್ಡಿ ಅಳ್ಳಾಡೂದಿಲ್ಲ."

"ನೈಸ್ ಮಾಡಬ್ಯಾಡ. ಎಂದ ಹೋಗೂದು?" ಎಂದರು ಅತ್ತೆ.

ಮಾವ ನನ್ನ ಕಡೆ ತಿರುಗಿದರು. "ಯವ್ವಾ, ನೀನೂ ಬರಬೇಕು. ಹುಡುಗಿ ಬಿ.ಎ. ಇಂಗ್ಲಿಷಂತ. ಪಂಪ್‌ಸೆಟ್ಟ ಆದ್ರ ನಾನ ತಿರುವ್ಯಾಡಿ ನೋಡ್ತೇನಿ. ಇಂಗ್ಲಿಷ್ ನಂಗ ತಿಳಿಯಂಗಿಲ್ಲ. ಖರೇನೋ ಸುಳ್ಳೋ ನೀ ಹೇಳಬೇಕು."

ನಾನು ಪರೀಕ್ಷೆ ಮಾಡುವುದಿಲ್ಲ ಎಂದೆ. ಅವರು ನನ್ನ ವಿದ್ಯೆ, ನನ್ನ ಅಪ್ಪನ ವಿದ್ಯೆ, ಬೀಳಗಿಯ ನೀರಿನ ಗುಣ ಎಲ್ಲವನ್ನೂ ಹೊಗಳಿದರು. ನಾನು ಹೊರಟೆ.

ಅವರ ಕಾರಿನಲ್ಲೇ ಹೋದೆವು. ಹಿಂದೆ ಅತ್ತೆ, ನಾನು, ಮುಂದೆ ಮಾವ, ನಡೆಸುವವನು ಮಗನೇ. ಬನಹಟ್ಟಿಯ ಓಣಿಗಳಿಗೆ ಬಂದಾಗ ಎರಡೂ ಬದಿಯ ಮನೆಗಳಿಂದ ಮಗ್ಗಗಳ ಖಟಪಟ ಶುರುವಾಯಿತು. ಹುಡುಗಿಯ ಮನೆಯಲ್ಲೂ ನಡುಮನೆಯ ಆಚೆಗೇ ಪವರ್‌ಲೂಮು. ಬೀಗರು ಬರುತ್ತಾರೆಂದು ಅಂದು ಅದನ್ನು ನಿಲ್ಲಿಸಿದ್ದರು. ಮಗ್ಗ ನಿಂತಿತ್ತೇ ಹೊರತು ಅವರ ದನಿ ಇಳಿದಿರಲಿಲ್ಲ. ಹುಟ್ಟಿನಿಂದ ಆ ಸದ್ದಿನ ಮೇಲೆ ಮಾತಾಡಿ ರೂಢಿಯಾದವರು.

"ಬರ‍್ರಿ, ಕೂಡ್ರಿ" ಎಂದು ಹುಡುಗಿಯ ತಂದೆ ಕೂಗಿದ ರಭಸಕ್ಕೆ ಮಾವ ಒಂದು ಹೆಜ್ಜೆ ಹಿಂದೆ ಸರಿದರು. ಮನೆಯವರಿಗೆ ಕಿವಿ ಮಂದವಿರಬೇಕೆಂದು ಬಗೆದು ತಾವೂ ಅಷ್ಟೇ ಜೋರಾಗಿ, "ದಾರಿ ಛಲೋ ಇತ್ರಿ" ಎಂದು ಕೂಗಿದರು. ಮಾವನಿಗೇ ಕಿವಿ ಕೇಳಿಸದೆಂದು ಅವರೂ ಬಗೆದು ಇನ್ನಷ್ಟು ಏರಿಸಿದರು. ಅಲ್ಲಿಂದ ಮುಂದೆ ಕುಲ, ಗೋತ್ರ, ಹೊಲ, ಅಂಗಡಿ ಎಲ್ಲ ಆ ಎತ್ತರದಲ್ಲೇ ನಡೆಯಿತು. ಎದುರುಮನೆಯವರು ತಮ್ಮ ಮಗ್ಗ ನಿಲ್ಲಿಸಿ ಕಿಟಕಿಗೆ ಬಂದು ನಿಂತರು. ಕೇಳಲು ಅವರು ಕಷ್ಟಪಡಬೇಕಾಗಿರಲಿಲ್ಲ.

ಹುಡುಗಿ ಉಪ್ಪಿಟ್ಟು ತಂದಿಟ್ಟು ಗೋಡೆಗೆ ಒರಗಿ ಕೂತಳು. ಆ ಮನೆಯಲ್ಲಿ ಮೆಲ್ಲಗೆ ಮಾತಾಡುವವಳು ಅವಳೊಬ್ಬಳೇ. ಅವಳೆದುರು ಮಾವ ತಮ್ಮ ಬಗ್ಗೆ ಮಾತು ತೆಗೆದರು. ಮುಧೋಳದಲ್ಲಿ ತಮ್ಮನ್ನು ಕೇಳದೆ ಯಾರೂ ಬೋರು ಕೊರೆಸುವುದಿಲ್ಲವೆಂದರು. ತಾವು ಮಾತಾಡಿಸಿದರೆ ಕಲ್ಲೂ ನೀರು ಬಿಡುತ್ತದೆಂದರು. ಉಪ್ಪಿಟ್ಟು ಆರಿತು. ಕಡೆಗೆ ನನ್ನ ಕಡೆ ನೋಡಿ, "ಹೂಂ, ಕೇಳವಾ ಇಂಗ್ಲಿಷಿನ್ಯಾಗ" ಎಂದರು.

"ಏನ್ ಕೇಳಲಿ ಮಾವಾರ?"

"ನನ್ನ ಬಗ್ಗೆನ ಕೇಳು. ನಾ ಹೆಂಗ ಅನಸ್ತೀನಿ ಅಂತ."

ಕೇಳಿದೆ, ಇಂಗ್ಲಿಷಿನಲ್ಲಿ. ಹುಡುಗಿ ಮಾವನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು. "ನೈಸ್" ಎಂದಳು.

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಹುಡುಗಿಯ ತಂದೆಯ ಮುಖ ಬಿಳಿಚಿತು. ಅವರು ಎದ್ದು ನಿಂತು, "ಬಟ್ಟೀ ಮಾತು ರೀ ಅದು. ನುಣುಪ ಅಂತ. ಕೈಯಾಗ ಜಾರತೈತಲ್ರಿ, ಹಂಗ" ಎಂದು ಸಮಾಧಾನ ಹೇಳಹೋಗಿ, ತಾವು ಹೇಳಿದ್ದು ಇನ್ನೂ ಕೆಟ್ಟದಾಯಿತೆಂದು ತಿಳಿದು ಕೂತುಬಿಟ್ಟರು.

"ನೈಸ್ ಮಾಡಾಂವ ಅಂದ್ಲೇನ ನನಗ?" ಮಾವ ನನ್ನನ್ನು ಕೇಳಿದರು. "ನೀ ಓದಿದಾಕಿ, ನೀ ಹೇಳ."

"ಇಂಗ್ಲಿಷಿನ್ಯಾಗ ನೈಸ್ ಅಂದ್ರ ಛಲೋ ಅಂತ್ರಿ ಮಾವಾರ."

ಮಾವನ ಮುಖ ಅರಳಿತು. ಅಲ್ಲಿಗೆ ಮುಗಿಯುತ್ತಿತ್ತು. ಅತ್ತೆ ನನ್ನ ಮೊಣಕೈ ತಿವಿದರು. "ಪೂರಾ ಹೇಳ. ಆ ಲ್ಯಾಟಿನ್ ಹೇಳ" ಎಂದರು.

ನಾನು ತಲೆ ತಗ್ಗಿಸಿ ಗೊಣಗಿದೆ. ಆ ಮನೆಯಲ್ಲಿ ಗೊಣಗಿದ್ದು ಯಾರಿಗೂ ಕೇಳಿಸುವುದಿಲ್ಲ. ಒಳಗಿಂದ ಹುಡುಗಿಯ ಅಜ್ಜಿ, "ಜೋರ ಹೇಳ್ರೀ ಬಾಯಿ" ಎಂದು ಕೂಗಿದರು. ನನಗೂ ಆ ಮನೆಯ ಗಾಳಿ ಬಡಿದಿರಬೇಕು. "ಲ್ಯಾಟಿನ್ನಿನ್ಯಾಗ ಏನೂ ತಿಳಿಯದಾಂವ ಅಂತ" ಎಂದು ಗಂಟಲು ಬಿಟ್ಟು ಕೂಗಿದೆ. ಎದುರಿನ ಕಿಟಕಿಯಲ್ಲಿ ಯಾರೋ ಹಿಂದಿನ ಸಾಲಿನವರಿಗೆ, "ಏನೂ ತಿಳಿಯದಾಂವಂತ" ಎಂದು ದಾಟಿಸಿದರು.

ಮಾವ ನಿಧಾನವಾಗಿ ಹುಡುಗಿಯ ಕಡೆ ತಿರುಗಿದರು. ಆ ದಿನ ಮೊದಲ ಬಾರಿಗೆ ಅವರ ದನಿ ಇಳಿದಿತ್ತು. "ಛಲೋ ಮನಿಶಾ, ನೈಸ್ ಮಾಡಾಂವ, ಏನೂ ತಿಳಿಯದಾಂವ. ಮೂರರಾಗ ನೀ ಯಾವುದಂದಿ ಯವ್ವಾ?"

ಹುಡುಗಿ ಅವರ ಮುಂದಿನ ತಟ್ಟೆ ಎತ್ತಿಕೊಂಡು, "ಮೂರೂ ರೀ ಮಾವಾರ. ಚಾ ತರ‍್ಲೇನ್ರಿ?" ಎಂದಳು.

ಆಗ ಕೋಣೆಯಲ್ಲಿ ಒಂದು ವಿಚಿತ್ರ ಸದ್ದು ಕೇಳಿತು. ಮಾವನ ಮಗ ನಗುತ್ತಿದ್ದ. ಅವನು ನಗುವುದನ್ನು ನಾವ್ಯಾರೂ ಅದುವರೆಗೆ ಕೇಳಿರಲಿಲ್ಲವಾದ್ದರಿಂದ ಗಂಟಲಲ್ಲಿ ಉಪ್ಪಿಟ್ಟು ಸಿಕ್ಕಿರಬೇಕೆಂದು ಅತ್ತೆ ಅವನ ಬೆನ್ನಿಗೆ ಎರಡು ಗುದ್ದಿದರು.

ಮಾವ ಚಹಾ ಕುಡಿಯದೆ ಎದ್ದರು. ಮಹಾಲಿಂಗಪುರದವರೆಗೆ ಕಾರಿನಲ್ಲಿ ಬಂದೆವು. ಅವರು ಅಲ್ಲಿಂದ ಮುಧೋಳಕ್ಕೆ ಹೋಗುವವರು, ನಮಗೆ ಜಮಖಂಡಿಯ ಬಸ್ಸು. ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಚಹಾಕ್ಕೆ ಕೂತಾಗ ಮಾವ ಹೇಳಿದರು, "ಈ ಹುಡುಗಿ ಬ್ಯಾಡ."

"ನನಗ ಆಕಿ ಬೇಕು" ಎಂದ ಮಗ.

ಮಾವ ಅವನನ್ನು ನೋಡಿದರು. ರಿಪೇರಿಗೆ ಬಂದ ಮೋಟಾರು ತಾನಾಗಿ ಶುರುವಾದಂತೆ ನೋಡಿದರು. "ನನಗ ದಡ್ಡ ಅಂದಾಳಲೇ ಆಕಿ."

"ದಡ್ಡ ಅಷ್ಟ ಅಂದಿಲ್ಲಪ್ಪಾ. ಛಲೋ ಅಂತನೂ ಅಂದಾಳ."

"ಅಕ್ಕಾ, ನೀನರ ಹೇಳ ಇವಗ."

ಅತ್ತೆ ಬಸಿಯಲ್ಲಿ ಸುರಿದುಕೊಂಡ ಚಹಾ ಮುಗಿಸಿ, ಬಸಿ ಕೆಳಗಿಟ್ಟರು. "ನಿನ್ನ ಒಂದ ತಾಸಿನ್ಯಾಗ ಪೂರಾ ಓದಿದಾಕಿ ಇನ್ನೊಬ್ಬಾಕಿ ಸಿಗೂದಿಲ್ಲ. ಸುಮ್ಮನ ಹೂಂ ಅನ್ನಲೇ ನೆಸ್ಕ್ಯಾ."

"ಏನ ಅಂದಿ?"

"ಲ್ಯಾಟಿನ್" ಎಂದರು ಅತ್ತೆ.

ನೆಸ್ಕಿಯುಸ್ ಎಂಬುದು ಅವರ ಬಾಯಲ್ಲಿ ನಿಲ್ಲಲಿಲ್ಲ. ನಮ್ಮ ಕಡೆ ಎಂಥ ಹೆಸರನ್ನೂ ಬಾಲ ಕತ್ತರಿಸಿ 'ಯಾ' ಹಚ್ಚಿ ಕರೆಯುವುದಲ್ಲವೇ, ಹಾಗೆ ರೋಮಿನ ಮಾತು ಮಹಾಲಿಂಗಪುರದ ಚಹಾದಂಗಡಿಯಲ್ಲಿ ನೆಸ್ಕ್ಯಾ ಆಯಿತು.

ಮರುದಿನದಿಂದ ಮಾವನ ಫೋನುಗಳು ಶುರುವಾದವು. ಅವರು ಸುಮ್ಮನೆ ಸೋಲುವವರಲ್ಲ. ನೈಸ್ ಅಂದರೆ ಛಲೋ ಮಾತ್ರ ಎಂದು ಹೇಳುವ ಒಬ್ಬನನ್ನಾದರೂ ಹುಡುಕಲು ಹೊರಟಿದ್ದರು. ಮುಧೋಳದಲ್ಲಿ ಡಾಕ್ಟರರೊಬ್ಬರು ಛಲೋ ಅಂದರು. ಖುಷಿಯಾಗಿ ಹೊರಗೆ ಬಂದರೆ ಕಂಪೌಂಡರು, "ನೈಸ್ ಮಾಡಿ ಪಾಳಿ ತಪ್ಪಿಸಿ ಒಳಗ ಹೋದ್ರೆಲ್ಲಾ" ಅಂದ. ತೇರದಾಳದ ಜೈನ ವ್ಯಾಪಾರಿಯೊಬ್ಬರು, ಕಾಳಿಗಾದರೆ ಛಲೋ, ಗಿರಾಕಿಗಾದರೆ ಹುಷಾರು ಅಂದರು. ಇಲ್ಲಿ ಆಗಲಿಲ್ಲವೆಂದು ಮಾವ ಹೊರದೇಶಗಳಿಗೆ ಹೋದರು.

"ಯವ್ವಾ, ಸ್ಪೇನ್ ದೇಶದಾಗ ಏನಂತಾರ?" ನಾನು ಪಾಠದ ನಡುವೆ ವರಾಂಡಕ್ಕೆ ಬಂದು ಫೋನು ಹಿಡಿದಿದ್ದೆ.

ಅಷ್ಟು ಹೊತ್ತಿಗೆ ನಾನೂ ಹುಡುಕಿ ಇಟ್ಟುಕೊಂಡಿದ್ದೆ. "ಅದ ಬೇರಿನ ಮಾತು ಅಲ್ಲಿ ನೆಸಿಯೊ ಅಂತ ಐತ್ರಿ. ದಡ್ಡ ಅಂತ."

"ಪೋರ್ಚುಗಲ್ಲು? ಗೋವಾಕ್ಕ ಬಂದಿದ್ದ ಮಂದಿ, ನಮ್ಮ ಬಗ್ಗೆ ಸ್ವಲ್ಪ ತಿಳದಿರತಾರ."

"ಅಲ್ಲೂ ದಡ್ಡನ ರೀ."

"ಯಾವ ದೇಶದಾಗೂ ನನಗ ಮರ್ಯಾದಿ ಇಲ್ಲೇನವಾ?"

ನನಗೆ ಪಾಪ ಅನಿಸಿತು. "ಮೆಕ್ಸಿಕೋ ಕಡೆ ಹಟಮಾರಿ ಅಂತನೂ ಅಂತಾರಂತ್ರಿ ಮಾವಾರ" ಎಂದೆ.

"ಹಟ ಅಂದ್ರ ಅಡ್ಡಿ ಇಲ್ಲ" ಎಂದು ಅವರು ಫೋನಿಟ್ಟರು. ಒಳಗೆ ಮಕ್ಕಳು ನನ್ನ ದಾರಿ ಕಾಯುತ್ತ ಕಿಟಕಿಗೆ ಸಾಲಾಗಿ ಕಿವಿ ಹಚ್ಚಿದ್ದರು.

ಮೆಕ್ಸಿಕೋ ಕೊಟ್ಟ ಧೈರ್ಯವೋ ಏನೋ, ಅದೇ ವಾರ ಮಾವ ಯಾರಿಗೂ ಹೇಳದೆ ಒಬ್ಬರೇ ಬನಹಟ್ಟಿಗೆ ಹೋದರು. ಅಲ್ಲಿ ಆದದ್ದನ್ನು ಹುಡುಗಿಯೇ ನನಗೆ ಆಮೇಲೆ ಹೇಳಿದ್ದು. ಅಂದು ಮಗ್ಗ ನಡೆಯುತ್ತಿತ್ತು. ಮಾವ ಹೊಸ್ತಿಲ ಮೇಲೆ ನಿಂತು ಕೂಗಿ ಕೇಳಿದ್ದು ಅವಳಿಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೂಗಿದರು. ಅವಳು ತಾನೇ ಹೋಗಿ ಮಗ್ಗ ಆರಿಸಿ ಬಂದಳು. ಆಗ ಅವರ ಗಂಟಲು ಕಟ್ಟಿಹೋಗಿ ಪಿಸುಮಾತು ಮಾತ್ರ ಉಳಿದಿತ್ತಂತೆ.

"ಖರೆ ಹೇಳ ಯವ್ವಾ. ಅವತ್ತ ಮೂರೂ ಅಂದಿ. ಅದರಾಗ ಒಂದರ ಕಡಿಮಿ ಮಾಡಾಕ ಬರೂದಿಲ್ಲೇನು?"

"ಏನೂ ತಿಳಿಯದಾಂವ ಅನ್ನೂದನ್ನ ತಗದುಬಿಡ್ರಿ ಮಾವಾರ. ತಿಳಿಯದಾಂವ ಇಷ್ಟು ದೂರ ಕೇಳಾಕ ಬರ್ತಿದ್ದಿಲ್ಲ."

"ಉಳದ ಎರಡು?"

"ಛಲೋ ಅನ್ನೂದು ಇರಲಿ. ನೈಸ್ ಮಾಡೂದನ್ನ ನಿಮ್ಮನ್ನ ನೋಡಿ ನಾನೂ ಕಲೀಬೇಕಂತೇನಿ."

ಮಾವ ಅಂದು ಚಹಾ ಕುಡಿದರು, ಊಟವನ್ನೂ ಮಾಡಿದರು. ಹೊರಡುವಾಗ, ಹುಡುಗಿಯ ಮನೆಯವರ ಬಾವಿಯ ಪಂಪನ್ನು ಪುಕ್ಕಟೆ ರಿಪೇರಿ ಮಾಡಿಸಿಕೊಡುವುದಾಗಿ ಮಾತು ಕೊಟ್ಟೇ ಬಂದರು. ಆ ಮಾತು ಹೇಗೆ ಹೊರಟಿತೆಂದು ಅವರಿಗೆ ಇವತ್ತಿಗೂ ಗೊತ್ತಿಲ್ಲ. ಸಂಜೆ ನಮ್ಮ ಮನೆಗೆ ಬಂದು, ಗಿರಣಿಯ ಕಟ್ಟೆಯ ಮೇಲೆ ಕೂತು, ಕಟ್ಟಿದ ಗಂಟಲಿನಲ್ಲೇ ಹೇಳಿದರು, "ಅಕ್ಕಾ, ಆಕಿ ನನ್ನನ್ನ ನೈಸ್ ಮಾಡಿಬಿಟ್ಲು."

"ಲಗ್ನ ಎಂದ?" ಎಂದರು ಅತ್ತೆ.

ಲಗ್ನ ಬನಹಟ್ಟಿಯಲ್ಲೇ ಆಯಿತು. ಹುಡುಗಿ ನೋಡಿದ ಕತೆ ಕಿಟಕಿಯವರಿಂದ ಊರಿಗೆಲ್ಲ ಹರಡಿತ್ತು, ಹಾಗಾಗಿ ಬಂದ ಮಂದಿಯಲ್ಲಿ ಅರ್ಧ ಜನ ಮದುಮಕ್ಕಳನ್ನಲ್ಲ, ಮಾವನನ್ನು ನೋಡಲು ಬಂದಿದ್ದರು. ಅತ್ತೆ ಇಡೀ ದಿನ ಅವರನ್ನು ನೆಸ್ಕ್ಯಾ ಎಂದೇ ಕರೆದರು. ಅಡುಗೆಯವರು ಅದೇ ಅವರ ಹೆಸರೆಂದು ತಿಳಿದು, "ನೆಸ್ಕಪ್ಪನವರ, ಸಾರಿಗೆ ಉಪ್ಪು ನೋಡ್ರಿ" ಎಂದರು. ಮಾವ ಹೋಗಿ ಉಪ್ಪು ನೋಡಿಬಂದರು.

ಅಲ್ಲಿಂದ ಆ ಮಾತು ಬೀಗರ ಜೊತೆ ಊರೂರಿಗೆ ಹೋಯಿತು. ಜಮಖಂಡಿಯ ನಮ್ಮ ಓಣಿಯಲ್ಲಿ ಮೊದಲು ದಡ್ಡರನ್ನು ನೆಸ್ಕ್ಯಾ ಎನ್ನುತ್ತಿದ್ದರು. ಆಮೇಲೆ ಮೋಸಹೋದವರನ್ನು. ಆಮೇಲೆ ಮೋಸಹೋದರೂ ನಗುವವರನ್ನು. ನನ್ನ ಗಂಡನಂತೂ ಮಾವನ ಹೊಸ ಸೊಸೆ ಮಾತಾಡಿದಳೆಂದು ಕಡೆಗೂ ವಾಪಸು ಬಂದಿದ್ದ ನಮ್ಮ ಏಣಿಯನ್ನು ಮೂರನೆಯ ಸಲ ಮುಧೋಳಕ್ಕೆ ಕಳಿಸಿಕೊಟ್ಟು, ಅತ್ತೆಯಿಂದ ಆ ಬಿರುದು ಪಡೆದರು. ಆ ಹುಡುಗಿ ಕಲಿಯಬೇಕೆಂದದ್ದನ್ನು ಚೆನ್ನಾಗಿಯೇ ಕಲಿತಿದ್ದಳು. ಈಗ ಅಂಗಡಿಯ ಗಲ್ಲಾದ ಮೇಲೆ ಅವಳೇ ಕೂರುತ್ತಾಳೆ. ಮೆಲ್ಲಗೆ ಎರಡು ಮಾತಾಡುತ್ತಾಳೆ, ಒಂದು ಪೈಪು ಕೊಳ್ಳಲು ಬಂದವರು ಮೋಟಾರನ್ನೂ ಒಯ್ಯುತ್ತಾರೆ. ಮಾವ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಶಿಷ್ಯೆಯನ್ನು ನೋಡುವ ಗುರುವಿನಂತೆ ತಲೆದೂಗುತ್ತಾರೆ.

ಮೊನ್ನೆ ಪರೀಕ್ಷೆಯ ಕೆಲಸಕ್ಕೆ ಹಿಪ್ಪರಗಿಗೆ ಹೋಗಿ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬಳು ರೈತ ಹೆಂಗಸು ಕೂತಿದ್ದಳು. ಕಬ್ಬಿನ ಟ್ರ್ಯಾಕ್ಟರಿಗೆ ದಾರಿ ಬಿಡಲು ಬಸ್ಸು ನಿಂತಾಗ ಮಾತು ಬೆಳೆಯಿತು. ಅವಳ ಗಂಡ ನೆರೆಯವನಿಗೆ ಟ್ರ್ಯಾಕ್ಟರು ಕೊಟ್ಟು ತಾನು ಸೈಕಲ್ಲು ತುಳಿಯುತ್ತ ಹೊಲಕ್ಕೆ ಹೋಗಿದ್ದನಂತೆ.

"ಏನ್ ಮಾಡೂದ್ರಿ" ಎಂದಳು, ಬೈಯುವಂತಿದ್ದರೂ ಮುಖದಲ್ಲಿ ನಗುವಿತ್ತು. "ನಮ್ಮ ಮನೀಯವ್ರು ಭಾಳ ನೆಸ್ಕ್ಯಾ ಅದಾರ."

"ನೆಸ್ಕ್ಯಾ ಅಂದ್ರ ಏನ್ರಿ?" ಎಂದು ಕೇಳಿದೆ.

"ಛಲೋ ಮನಿಶಾ ಅಂತ್ರಿ. ಸಾಧೂ ಇರತಾರಲ್ಲ, ಹಂಗ."

"ಯಾವ ಕಡೆ ಮಾತು ರೀ ಇದು?"

"ನಮ್ಮ ಕಡೇದ ರೀ. ನಮ್ಮ ಅಜ್ಜಾರ ಕಾಲದಿಂದನೂ ಐತಿ." ಅವಳು ನನ್ನ ಸೀರೆ, ಕೈಚೀಲ, ಕನ್ನಡಕ ಎಲ್ಲವನ್ನೂ ಒಂದು ಸಲ ನೋಡಿದಳು. "ನೀವು ಓದಿದ ಮಂದಿ ಕಾಣಸ್ತೀರಿ. ಇದೆಲ್ಲಾ ಹಳೀ ಕನ್ನಡ, ನಿಮಗ ತಿಳಿಯಂಗಿಲ್ಲ ಬಿಡ್ರಿ."

ತಿಳಿಯಂಗಿಲ್ಲ ರೀ ಎಂದು ಒಪ್ಪಿಕೊಂಡೆ. ಅವಳು ಮಡಿಲಿನ ಪೊಟ್ಟಣ ಬಿಚ್ಚಿ, ಅರ್ಧ ಹಿಡಿ ಹುರಿದ ಶೇಂಗಾ ನನ್ನ ಕೈಗೆ ಹಾಕಿದಳು. ಬಸ್ಸು ಹೊರಟಿತು.